ನಲ್ವತ್ತು ಮುಗಿಯುವ ತನಕ ಕೂಸಿನ ಕಣ್ಣು ಕಾಯುವುದಿಲ್ಲ

ಬ್ಯಾಡಗಿ ಮೆಣಸು ಘಟ್ಟ ಇಳಿದು ಕರಾವಳಿಯ ಅಡುಗೆಮನೆಗೆ ಬರುವ ದಾರಿಯಲ್ಲೇ ನಮ್ಮ ಬಾಣಂತಿಯರೂ ಹೋಗಿ ಬರುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ವ್ಯಾಪಾರ, ಉದ್ಯೋಗ ಅಂತ ನೆಲೆಸಿದ ಮನೆಗಳಲ್ಲಿ ಹೆರಿಗೆ ಒಂದು ಊರಲ್ಲಾದರೆ ಬಾಣಂತನ ಇನ್ನೊಂದು ಊರಲ್ಲಿ. ನಲ್ವತ್ತು ಮುಗಿಯುವ ತನಕ ತಾಯಿ, ಕೂಸು ಹೊಸ್ತಿಲು ದಾಟುವುದಿಲ್ಲ. ಆರೋಗ್ಯವಾಗಿ, ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಇದು ಒಳ್ಳೆಯ ವಿಶ್ರಾಂತಿಯೇ. ಆದರೆ ಏಳು, ಎಂಟನೇ ತಿಂಗಳಿಗೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಆಕ್ಸಿಜನ್ ಮೇಲಿದ್ದು ಮನೆಗೆ ಬಂದ ಕೂಸಿಗೆ ಈ ನಲ್ವತ್ತು ದಿನವೇ ಕಣ್ಣಿನ ಗಡುವು.

ಕಾಯಿಲೆಯ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ಡಾಕ್ಟರುಗಳು ಚಿಕ್ಕದಾಗಿ ಆರ್‌ಒಪಿ ಅನ್ನುತ್ತಾರೆ. ಕಣ್ಣಿನ ಒಳಪದರವಾದ ರೆಟಿನಾದಲ್ಲಿ ರಕ್ತನಾಳಗಳು ಸುಮಾರು 16ನೇ ವಾರದಲ್ಲಿ ಮೊಳೆತು, ಬೇರು ಹರಡಿದ ಹಾಗೆ ಹರಡಿ, 40ನೇ ವಾರದ ಹೊತ್ತಿಗೆ ಅಂಚು ಮುಟ್ಟುತ್ತವೆ. ಗರ್ಭದಲ್ಲಿ ಆಕ್ಸಿಜನ್ ಮಟ್ಟ ಕಡಿಮೆ. ಆ ಕೊರತೆಯೇ ನಾಳಗಳನ್ನು 'ಬೆಳೆ' ಎಂದು ಕರೆಯುತ್ತದೆ. ಕೂಸು ಬೇಗ ಹುಟ್ಟಿದರೆ ಒಮ್ಮೆಲೇ ಹೆಚ್ಚು ಆಕ್ಸಿಜನ್ ಸಿಗುತ್ತದೆ, ನಾಳಗಳು ಅರ್ಧದಲ್ಲೇ ನಿಲ್ಲುತ್ತವೆ. ಕೆಲವು ವಾರ ಕಳೆದ ಮೇಲೆ, ನಾಳ ತಲುಪದ ಭಾಗಕ್ಕೆ ಉಸಿರು ಸಾಲದೆ, ಅಡ್ಡಾದಿಡ್ಡಿ ನಾಳಗಳು ಹುಟ್ಟಿಕೊಳ್ಳುತ್ತವೆ. ಅವು ದುರ್ಬಲ, ಸೋರಿ, ಗಾಯ ಕಟ್ಟಿ, ಕೊನೆಗೆ ರೆಟಿನಾವನ್ನೇ ಎಳೆದು ಕಿತ್ತುಬಿಡಬಹುದು.

ಹಾಗಾದರೆ ಆಕ್ಸಿಜನ್ ಕೊಡಿಸಿದ್ದೇ ತಪ್ಪಾ? ಖಂಡಿತ ಅಲ್ಲ. ಈ ಕಾಯಿಲೆಯನ್ನು 1942ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಥಿಯೋಡರ್ ಟೆರ್ರಿ ಗುರುತಿಸಿದರು. 1951ರಲ್ಲಿ ಮೆಲ್ಬರ್ನ್‌ನ ಡಾ. ಕೇಟ್ ಕ್ಯಾಂಪ್‌ಬೆಲ್ ಅತಿಯಾದ ಆಕ್ಸಿಜನ್ ಕಡೆ ಬೊಟ್ಟು ಮಾಡಿದರು. ಆಮೇಲೆ ಹೆದರಿ ಆಕ್ಸಿಜನ್ ತೀರಾ ಕಡಿಮೆ ಮಾಡಿದಾಗ ಕಣ್ಣು ಉಳಿಯಿತು, ಆದರೆ ಕೂಸುಗಳೇ ಹೆಚ್ಚು ಸತ್ತವು. ಆಕ್ಸಿಜನ್ ಕೂಡ ಔಷಧವೇ, ಅದಕ್ಕೂ ಅಳತೆ ಉಂಟು ಎಂಬ ಪಾಠ ಬಂದದ್ದು ಹೀಗೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ 99 ಕಂಡರೆ ನಮಗೆಲ್ಲ ಸಮಾಧಾನ ಆಗ್ತಿತ್ತು. ಆಕ್ಸಿಜನ್ ಮೇಲಿರುವ ಅಕಾಲಿಕ ಕೂಸಿಗೆ ಮಾತ್ರ ಸಾಮಾನ್ಯವಾಗಿ 91ರಿಂದ 95ರೊಳಗೆ ಇಡಲು ನೋಡುತ್ತಾರೆ. ನರ್ಸ್ ಆಕ್ಸಿಜನ್ ಕಡಿಮೆ ಮಾಡಿದರೆ 'ಯಾಕ್ರೀ ಇಳಿಸಿದ್ರಿ' ಅಂತ ಜಗಳಕ್ಕೆ ಹೋಗಬೇಡಿ.

ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಕೂಸುಗಳಿಗೆ ಆರ್‌ಒಪಿ ಬರುತ್ತದೆ. ಆದ್ದರಿಂದ ಪರೀಕ್ಷೆಯೇ ದಾರಿ. ನಮ್ಮ ದೇಶದ ನಿಯಮ ಸರಳ: 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಹುಟ್ಟಿದ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ, ಅಥವಾ ತೂಕ 1200 ಗ್ರಾಂಗಿಂತ ಕಡಿಮೆ ಇದ್ದರೆ, ಎರಡು ಮೂರು ವಾರಕ್ಕೇ. 34 ವಾರ ದಾಟಿದ್ದರೂ ಬಹಳ ದಿನ ಆಕ್ಸಿಜನ್ ಮೇಲಿದ್ದರೆ, ಸೋಂಕು ಆಗಿದ್ದರೆ, ಡಾಕ್ಟರನ್ನು ಕೇಳಿಯೇ ಬಿಡಬೇಕು.

'ಕೂಸು ಚೆನ್ನಾಗೇ ನೋಡ್ತದೆ, ಏನೂ ಆಗೂದಿಲ್ಲ ಬಿಡ್ರಿ' ಅನ್ನುವ ಹಿರಿಯರಿದ್ದಾರೆ. ಹೊರಗಿನಿಂದ ಕಣ್ಣು ಚೆಂದವೇ ಕಾಣುತ್ತದೆ. ಕಣ್ಣಪಾಪೆ ಬೆಳ್ಳಗೆ ಕಾಣುವಷ್ಟರಲ್ಲಿ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ. ಪರೀಕ್ಷೆಗೆ ಹನಿ ಮದ್ದು ಹಾಕಿ, ರೆಪ್ಪೆ ಬಿಡಿಸಿ ನೋಡುತ್ತಾರೆ. ಕೂಸು ಸ್ವಲ್ಪ ಹೊತ್ತು ಅಳುತ್ತದೆ, ಅಷ್ಟೇ. ತೊಂದರೆ ತೀವ್ರವಾಗಿದೆ ಎಂದಾದರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು. ಒಮ್ಮೆ ನೋಡಿ 'ಸರಿ ಇದೆ' ಅಂದರೂ, ನಾಳಗಳು ಅಂಚು ಮುಟ್ಟುವ ತನಕ ವಾರಕ್ಕೋ ಎರಡು ವಾರಕ್ಕೋ ಮತ್ತೆ ಕರೆದಾಗ ಹೋಗಲೇಬೇಕು.

ರೆಟಿನಾ ತಜ್ಞರು ಎಲ್ಲ ಊರಲ್ಲೂ ಸಿಗುವುದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 2008ರಲ್ಲಿ 'ಕಿಡ್‌ರಾಪ್' ಶುರು ಮಾಡಿದ್ದು ಈ ಕಾರಣಕ್ಕೇ. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹಿಡಿದು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗುತ್ತಾರೆ. ಕೂಸಿನ ರೆಟಿನಾದ ಚಿತ್ರವನ್ನು ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ಕಾಯಿಲೆ ಇದೆ. ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲೋ, ನಿಮ್ಮ ಆಶಾ ಕಾರ್ಯಕರ್ತೆಯ ಬಳಿಯೋ ವಿಚಾರಿಸಿ. ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಅಂದರೆ ಅಂದೇ ಹೊರಡಿ.

ತವರಿಗೆ ಹೊರಡುವ ಮೊದಲು ಒಂದೇ ಕೆಲಸ ಮಾಡಿ. ಎಷ್ಟನೇ ವಾರಕ್ಕೆ ಹೆರಿಗೆ, ಎಷ್ಟು ತೂಕ, ಎಷ್ಟು ದಿನ ಆಕ್ಸಿಜನ್, ಕಣ್ಣಿನ ಪರೀಕ್ಷೆ ಯಾವ ತಾರೀಕಿಗೆ, ಇಷ್ಟನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಡಿಸ್ಚಾರ್ಜ್ ಚೀಟಿ ಹಾವೇರಿಯ ಕಪಾಟಿನಲ್ಲಿ, ಕೂಸು ಮಂಗಳೂರಿನ ತೊಟ್ಟಿಲಲ್ಲಿ ಅಂತ ಆಗಬಾರದು. ನಲ್ವತ್ತರ ವಿಶ್ರಾಂತಿ ಒಂದು ದಿನ ಮುರಿದರೆ ಆಮೇಲೆ ಮುಂದುವರಿಸಬಹುದು. ಹೋದ ಕಣ್ಣನ್ನು ತರಲಾಗದು.