ಹದಿನಾಲ್ಕು ಪಂದ್ಯಗಳ ವರ್ಷ

2025ರ ಏಪ್ರಿಲ್ 11, ಪಶ್ಚಿಮ ಬಂಗಾಳದ ಕಲ್ಯಾಣಿ ಕ್ರೀಡಾಂಗಣ. ಈಸ್ಟ್ ಬೆಂಗಾಲ್ ಮತ್ತು ಒಡಿಶಾ ಎಫ್‌ಸಿ ವನಿತೆಯರು ಎದುರುಬದುರು. ಮೊದಲರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಎರಡನೇ ಅವಧಿಯಲ್ಲಿ ಸೌಮ್ಯಾ ಗುಗುಲೋತ್ ಚೆಂಡನ್ನು ಬಲೆಗೆ ನುಗ್ಗಿಸಿದರು. ಆ ಒಂದೇ ಗೋಲಿಗೆ ಇಂಡಿಯನ್ ವಿಮೆನ್ಸ್ ಲೀಗ್‌ನ 2024–25ರ ಪಟ್ಟ ಕೋಲ್ಕತ್ತದ ಪಾಲಾಯಿತು.

ಈಸ್ಟ್ ಬೆಂಗಾಲ್ ಎಂದರೆ ಶತಮಾನ ದಾಟಿದ ಕ್ಲಬ್. ಅದರ ಪುರುಷರ ತಂಡ ರಾಷ್ಟ್ರೀಯ ಲೀಗ್ ಗೆದ್ದದ್ದು ಕೊನೆಯದಾಗಿ 2003–04ರಲ್ಲಿ. ಆಮೇಲೆ ಕೋಚ್‌ಗಳು ಬಂದರು, ಹೋದರು. ಹೂಡಿಕೆದಾರರು ಬದಲಾದರು, ಅಭಿಮಾನಿಗಳು ಬೀದಿಗಿಳಿದರು. ಲೀಗ್ ಮಾತ್ರ ಕೈಗೆ ಸಿಗಲಿಲ್ಲ. 21 ವರ್ಷಗಳ ಆ ಬರವನ್ನು ನೀಗಿಸಿದ್ದು ಹೆಣ್ಣುಮಕ್ಕಳು. ಅದೂ ಹಿಂದಿನ ವರ್ಷ ಪಟ್ಟಿಯ ಕೆಳ ಅರ್ಧದಲ್ಲಿ ಉಳಿದಿದ್ದ ತಂಡ. ಗೋಲು ಹೊಡೆದ ಸೌಮ್ಯಾ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ತಾಂಡಾವೊಂದರವರು, ಕ್ರೊವೇಷ್ಯಾದ ಡಿನಾಮೊ ಝಾಗ್ರೆಬ್‌ನಲ್ಲಿ ಆಡಿ ಬಂದವರು.

2024–25ರ ಋತುವಿನಲ್ಲಿ ಎಂಟು ತಂಡಗಳಿದ್ದವು, ಪ್ರತಿ ತಂಡಕ್ಕೆ 14 ಪಂದ್ಯ. ಏಳು ತವರಿನಲ್ಲಿ, ಏಳು ಹೊರಗೆ. ಜನವರಿಯಲ್ಲಿ ಶುರುವಾಗಿ ಏಪ್ರಿಲ್‌ಗೆ ಮುಗಿಯಿತು. ಯುರೋಪಿನ ಫುಟ್‌ಬಾಲ್ ನೋಡಿ ಅಭ್ಯಾಸವಾದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಈ ಲೀಗ್ ನಡೆದುಬಂದ ದಾರಿ ನೋಡಿ. 2016–17ರಲ್ಲಿ ಹುಟ್ಟಿದಾಗಿನಿಂದ ಏಳು ವರ್ಷ ಇದು ಜಾತ್ರೆಯ ಹಾಗೆ ನಡೆಯಿತು. ಯಾವುದೋ ಒಂದು ಊರಿಗೆ ಎಲ್ಲ ತಂಡಗಳನ್ನೂ ಕರೆಸುವುದು, ಕೆಲವೇ ವಾರಗಳಲ್ಲಿ ಎಲ್ಲವನ್ನೂ ಆಡಿಸಿ ಮುಗಿಸುವುದು, ಗುಡಾರ ಕೀಳುವುದು. ದೆಹಲಿ, ಶಿಲ್ಲಾಂಗ್, ಲೂಧಿಯಾನ, ಬೆಂಗಳೂರು, ಭುವನೇಶ್ವರ, ಅಹಮದಾಬಾದ್ ಹೀಗೆ ಸರದಿ ಕಂಡವು. 2020–21ರ ಋತುವನ್ನು ಕೋವಿಡ್ ನುಂಗಿತು.

ಅಂಥ ಏರ್ಪಾಟಿನಲ್ಲಿ ಆಟಗಾರ್ತಿಗೆ ಸೋಲು ಅರಗಿಸಿಕೊಳ್ಳಲೂ ಪುರುಸೊತ್ತಿಲ್ಲ. ಇವತ್ತು ಆಡಿ, ನಾಳೆ ಕಾಲಿಗೆ ಐಸ್ ಒತ್ತಿಕೊಂಡು, ನಾಡಿದ್ದು ಮತ್ತೆ ಮೈದಾನಕ್ಕೆ. ಸ್ನಾಯು ಸೆಳೆದರೆ ಆ ವರ್ಷವೇ ಮುಗಿದಂತೆ. ಕೋಚ್ ಎದುರಾಳಿಯ ಆಟ ಓದಿ, ವಾರವಿಡೀ ತಾಲೀಮು ಮಾಡಿಸಿ ಇಳಿಸುವ ಮಾತಂತೂ ದೂರವೇ ಉಳಿಯಿತು. 2023ರ ಡಿಸೆಂಬರ್‌ನಲ್ಲಿ ಏಳು ತಂಡಗಳೊಂದಿಗೆ ತವರು–ಹೊರಗಿನ ಪದ್ಧತಿ ಬಂದ ಮೇಲೆಯೇ ಇದನ್ನು ಲೀಗ್ ಎಂದು ಕರೆಯಲು ಧೈರ್ಯ ಬಂದದ್ದು. ನನ್ನ ಮಟ್ಟಿಗೆ ಭಾರತದ ಮಹಿಳಾ ಫುಟ್‌ಬಾಲ್‌ನ ನಿಜವಾದ ತಿರುವು ಅದು. ಟ್ರೋಫಿ ಯಾರ ಕಪಾಟು ಸೇರಿತು ಎನ್ನುವುದು ಆಮೇಲಿನ ಮಾತು.

ಆ ಮೊದಲ ತವರು–ಹೊರಗಿನ ಋತುವನ್ನು 2024ರ ಮಾರ್ಚ್‌ನಲ್ಲಿ ಗೆದ್ದದ್ದು ಒಡಿಶಾ ಎಫ್‌ಸಿ, ಕೋಚ್ ಕ್ರಿಸ್ಪಿನ್ ಚೆಟ್ರಿ. ಅಲ್ಲಿಂದ ಮುಂದಿನ ಒಂದು ವರ್ಷದಲ್ಲಿ ಆ ಕ್ಲಬ್ ಕಂಡದ್ದು ಕತೆಗಾರರೂ ಕಟ್ಟಲಾರದ ಕತೆ. ಅಕ್ಟೋಬರ್‌ನಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್ ಆಡಲು ವಿಯೆಟ್ನಾಂಗೆ ಹೋಯಿತು. ಜಪಾನಿನ ಉರಾವಾ ತಂಡ 17–0 ಗೋಲುಗಳಿಂದ ಬಡಿದು ಕಳಿಸಿತು. ಮರಳಿ ಬಂದು ಲೀಗ್ ಆಡಿದರೆ, ಕೊನೆಯ ಎರಡು ಸ್ಥಾನಗಳಲ್ಲೊಂದಕ್ಕೆ ಕುಸಿದು ಎರಡನೇ ದರ್ಜೆಗೆ ಇಳಿಯಿತು. ಚಾಂಪಿಯನ್ ಪಟ್ಟದಿಂದ ಹಿಂಬಡ್ತಿಗೆ ಹನ್ನೆರಡು–ಹದಿಮೂರು ತಿಂಗಳು!

ಇದನ್ನು ಒಂದು ಕ್ಲಬ್ಬಿನ ದುರದೃಷ್ಟ ಎಂದು ಬಿಟ್ಟುಬಿಡಲು ಮನಸ್ಸು ಒಪ್ಪುವುದಿಲ್ಲ. ಇಲ್ಲಿ ತಂಡಗಳನ್ನು ವರ್ಷದಿಂದ ವರ್ಷಕ್ಕೆ ಹೊಸದಾಗಿ ಜೋಡಿಸುತ್ತಾರೆ. ಒಪ್ಪಂದ ಸಣ್ಣದು, ಋತು ಅದಕ್ಕಿಂತ ಸಣ್ಣದು. ಚೆನ್ನಾಗಿ ಆಡಿದವರನ್ನು ಹೆಚ್ಚು ಕೊಡುವವರು ಎತ್ತಿಕೊಂಡು ಹೋಗುತ್ತಾರೆ. ಈಸ್ಟ್ ಬೆಂಗಾಲ್ ಕೋಚ್ ಆಂಟನಿ ಆಂಡ್ರ್ಯೂಸ್ ಅವರನ್ನೇ ನೋಡಿ. 2021–22 ಮತ್ತು 2022–23ರಲ್ಲಿ ಗೋಕುಲಂ ಕೇರಳವನ್ನು ಗೆಲ್ಲಿಸಿದವರು ಅವರೇ. ಬುದ್ಧಿ ಊರು ಬದಲಿಸಿತು, ಟ್ರೋಫಿಯೂ ಜೊತೆಗೆ ಹೋಯಿತು.

ಹಣದ ಲೆಕ್ಕವೂ ಕೇಳಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ಕನಿಷ್ಠ ವೇತನ ಗೊತ್ತುಮಾಡಿತು: ಪ್ರತಿ ಕ್ಲಬ್ಬಿನಲ್ಲಿ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿ. ತಿಂಗಳಿಗೆ ಹಂಚಿದರೆ 27 ಸಾವಿರದ ಒಳಗೆ. ಹನ್ನೊಂದನೆಯವಳ ಗತಿ? ಅದನ್ನು ನಿಯಮ ಹೇಳಲಿಲ್ಲ. ಹಾಗಾಗಿಯೇ ಪೊಲೀಸ್, ರೈಲ್ವೆ, ಸಶಸ್ತ್ರ ಸೀಮಾ ಬಲದ ನೌಕರಿ ಇವತ್ತಿಗೂ ಎಷ್ಟೋ ಆಟಗಾರ್ತಿಯರ ಮನೆಯ ಒಲೆ ಉರಿಸುತ್ತಿದೆ.

ಆಡಳಿತದ ಎಡವಟ್ಟಿಗೆ ಬೆಲೆ ತೆತ್ತದ್ದೂ ಇವರೇ. 2022ರ ಆಗಸ್ಟ್‌ನಲ್ಲಿ ಗೋಕುಲಂ ತಂಡ ಏಷ್ಯನ್ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿದಾಗಲೇ ಭಾರತದ ಫೆಡರೇಷನ್ನನ್ನು ಫಿಫಾ ಅಮಾನತು ಮಾಡಿತು. ಕುರ್ಚಿ ಜಗಳ ದೆಹಲಿಯಲ್ಲಿ, ಬೂಟು ಕಟ್ಟಿದವರು ಉಜ್ಬೇಕಿಸ್ತಾನದಲ್ಲಿ. ಒಂದು ಪಂದ್ಯವನ್ನೂ ಆಡದೆ ವಾಪಸಾದರು.

ನಮ್ಮ ಕಡೆಯ ಮಾತು. ಬೆಂಗಳೂರಿಗೆ ಈ ಲೀಗ್ ಹೊಸದಲ್ಲ. 2020ರ ಫೆಬ್ರುವರಿಯಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲೇ ಫೈನಲ್ ನಡೆದಿತ್ತು. ಮಣಿಪುರದ ಕ್ರಿಪ್ಸಾ ತಂಡ ಎರಡು ಗೋಲು ಹಿಂದಿದ್ದುಕೊಂಡೂ ಸಮ ಮಾಡಿಕೊಂಡಿತ್ತು. ಕೊನೆಯ ನಿಮಿಷಗಳಲ್ಲಿ ನೇಪಾಳದ ಸಾಬಿತ್ರಾ ಭಂಡಾರಿ ಗೋಕುಲಂಗೆ 3–2ರ ಗೆಲುವು ತಂದರು. ಅವರು ಮುಂದೆ ಫ್ರಾನ್ಸಿನ ಗ್ಯಾಂಗಾಂ ಕ್ಲಬ್ ಸೇರಿದರು. ನಮ್ಮೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಫೈನಲ್ ತನಕ ಹೋಗಿ ಗೋಕುಲಂಗೆ 5–0ರಿಂದ ಸೋತಿತು. ಮರುವರ್ಷ ಮೂರನೇ ಸ್ಥಾನ. ಅಂದರೆ ತಂಡ ಇದೆ, ಚೆನ್ನಾಗಿಯೇ ಇದೆ. ಆದರೆ ರಾಷ್ಟ್ರೀಯ ತಂಡದ ಪಟ್ಟಿ ಹಿಡಿದರೆ ಮಣಿಪುರ, ತಮಿಳುನಾಡು, ಒಡಿಶಾ, ಜಾರ್ಖಂಡ್, ಹರಿಯಾಣದ ಹೆಸರುಗಳು ಸಾಲಾಗಿ ಬರುತ್ತವೆ. ಕನ್ನಡದ ಹುಡುಗಿಯ ಹೆಸರಿಗೆ ಕಣ್ಣು ಕಿರಿದು ಮಾಡಿ ಹುಡುಕಬೇಕು. ಕಬಡ್ಡಿ, ಹಾಕಿ ಆಡುವ ಹೆಣ್ಣುಮಕ್ಕಳಿಗೆ ನಮ್ಮ ಜಿಲ್ಲೆಗಳಲ್ಲಿ ಬರವಿಲ್ಲ. ಫುಟ್‌ಬಾಲ್ ಮಾತ್ರ ರಾಜಧಾನಿಯ ವರ್ತುಲ ರಸ್ತೆ ದಾಟಲು ಯಾಕೋ ಹಿಂದೆಮುಂದೆ ನೋಡುತ್ತಿದೆ.

ಹೆಚ್ಚು ಪಂದ್ಯ ಆಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬಂದದ್ದು ಥಾಯ್ಲೆಂಡ್‌ನಿಂದ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತ ಆತಿಥೇಯರನ್ನು 2–1ರಿಂದ ಮಣಿಸಿ ಏಷ್ಯಾ ಕಪ್‌ಗೆ ಟಿಕೆಟ್ ಗಿಟ್ಟಿಸಿತು. ಅರ್ಹತಾ ಸುತ್ತು ಆಡಿ ಗೆದ್ದು ಅಲ್ಲಿಗೆ ಹೋದದ್ದು ಅದೇ ಮೊದಲು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರವು, ಅವರ ಊರು ಕಲ್ಯಾಣಿಯೇ. ಪಕ್ಕದ ಗೆರೆಯಲ್ಲಿ ನಿಂತಿದ್ದ ಕೋಚ್? ಒಡಿಶಾಕ್ಕೆ ಪಟ್ಟ ತಂದಿದ್ದ ಅದೇ ಕ್ರಿಸ್ಪಿನ್ ಚೆಟ್ರಿ. ಮೂರ್ನಾಲ್ಕು ತಿಂಗಳ ಲೀಗ್ ಇಷ್ಟು ಕೊಟ್ಟಿತು. ಎಂಟು ತಿಂಗಳದ್ದಾದರೆ ಎಷ್ಟು ಕೊಟ್ಟೀತು ಎಂದು ಫೆಡರೇಷನ್ನಿನ ಯಾರಾದರೂ ಲೆಕ್ಕ ಹಾಕಿ ನೋಡಬೇಕು.

ಗೋಲುಗಳ ವಿಷಯಕ್ಕೆ ಬಂದರೆ, ಲೀಗ್‌ನ 2024–25ರ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು ಚಾಂಪಿಯನ್ ತಂಡದವರಲ್ಲ; ಗೋಕುಲಂನ ಉಗಾಂಡಾ ಸ್ಟ್ರೈಕರ್ ಫಾಝಿಲಾ ಇಕ್ವಾಪುಟ್, 24 ಗೋಲು. ಈಸ್ಟ್ ಬೆಂಗಾಲ್ ಸುಮ್ಮನಿರಲಿಲ್ಲ, ಮುಂದಿನ ಋತುವಿಗೆ ಅವರನ್ನೇ ಕರೆದುಕೊಂಡಿತು. ನವೆಂಬರ್‌ನಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಇರಾನಿನ ಬಾಮ್ ಖಾತೂನ್ ತಂಡವನ್ನು 3–1ರಿಂದ ಸೋಲಿಸಿದಾಗ ಗೋಲು ಹೊಡೆದವರಲ್ಲಿ ಫಾಝಿಲಾ ಕೂಡ ಇದ್ದರು. ಅತ್ತ ಗೋಕುಲಂ 24 ಗೋಲಿನ ಜಾಗ ತುಂಬಲು ಹೊಸಬರನ್ನು ಹುಡುಕಬೇಕಾಯಿತು.