ಕೋರ್ಟಿನ ಆದೇಶ ಪೆಟ್ಟು ತಡೆದೀತೇ?

“ಬಚ್ಚಲಲ್ಲಿ ಕಾಲು ಜಾರಿ ಬಿದ್ದೆ ಡಾಕ್ಟ್ರೇ.” ಈ ಮಾತನ್ನು ಕೇಳದ ವೈದ್ಯರು ಇರಲಾರರು. ಜಾರಿ ಬಿದ್ದವರಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಮೊಣಕಾಲು, ಅಂಗೈ, ಮಣಿಕಟ್ಟುಗಳಿಗೆ. ತೋಳಿನ ಒಳಬದಿಯಲ್ಲಿ ಬೆರಳುಗಳ ಗುರುತು, ಬೆನ್ನ ಮೇಲೆ ಹಳೆಯ ಹಾಗೂ ಹೊಸ ಬಾಸುಂಡೆಗಳು ಇದ್ದರೆ ಬಚ್ಚಲುಮನೆಯನ್ನು ದೂರಿ ಪ್ರಯೋಜನವಿಲ್ಲ. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಹೊರಗೆ ಕೂರಿಸಿ ನಿಧಾನವಾಗಿ ವಿಚಾರಿಸಿದರೆ ನಿಜ ಸಂಗತಿ ಹೊರಬರುತ್ತದೆ. ಅದರ ಹಿಂದೆಯೇ ಬರುವ ಪ್ರಶ್ನೆ: “ಕೋರ್ಟಿನಿಂದ ಆರ್ಡರ್ ತಂದರೆ ಸುಮ್ಮನಾಗ್ತಾರಾ, ಇಲ್ಲಾ ಇನ್ನೂ ಸಿಟ್ಟಾಗ್ತಾರಾ?”

ಪ್ರಶ್ನೆ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಡೀ ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ಸಹಾಯ ಕೇಳಿದವರು ಶೇ. 14 ಮಾತ್ರ. ಉಳಿದವರಲ್ಲಿ ಬಹುಪಾಲು ಮಂದಿ ಯಾರೊಡನೆಯೂ ಬಾಯಿ ಬಿಟ್ಟಿಲ್ಲ.

ಮೊದಲು ಆದೇಶವೆಂದರೇನು ನೋಡೋಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರಡಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಹೊರಡಿಸಬಹುದು. ಹೊಡೆಯಕೂಡದು, ಆಕೆಯ ಕೆಲಸದ ಸ್ಥಳಕ್ಕಾಗಲಿ ಮಕ್ಕಳ ಶಾಲೆಗಾಗಲಿ ಕಾಲಿಡಕೂಡದು, ಫೋನು-ಪತ್ರಗಳ ಮೂಲಕ ಕಾಡಕೂಡದು, ಆಕೆಗೆ ನೆರವಾದ ತವರಿನವರ ತಂಟೆಗೂ ಹೋಗಕೂಡದು ಎಂದು ನಿರ್ಬಂಧಿಸಬಹುದು. ಅಗತ್ಯ ಬಿದ್ದರೆ ಗಂಡನನ್ನೇ ಮನೆಯಿಂದ ಹೊರಗಿರಲು ಹೇಳಬಹುದು. ಆಕೆಯೇ ರದ್ದು ಕೋರುವವರೆಗೂ ರಕ್ಷಣಾ ಆದೇಶ ಊರ್ಜಿತದಲ್ಲಿರುತ್ತದೆ.

ಇಂಥ ಆದೇಶಗಳು ನಮಗಿಂತ ಬಹಳ ಹಿಂದೆಯೇ ಅಮೆರಿಕದಲ್ಲಿ ಬಳಕೆಗೆ ಬಂದಿದ್ದು, ಪರಿಣಾಮವನ್ನು ಅಳೆದು ನೋಡಿರುವವರೂ ಅಲ್ಲಿನವರೇ. 2002ರಲ್ಲಿ ಪ್ರಕಟವಾದ ಸಿಯಾಟಲ್ ನಗರದ ಅಧ್ಯಯನವೊಂದು 2,691 ಮಹಿಳೆಯರ ಪ್ರಕರಣಗಳನ್ನು ಒಂದು ವರ್ಷ ಗಮನಿಸಿತು. ದೀರ್ಘಾವಧಿಯ ಆದೇಶ ಪಡೆದವರಲ್ಲಿ, ಆದೇಶವಿಲ್ಲದವರಿಗೆ ಹೋಲಿಸಿದರೆ, ಪೊಲೀಸರಿಗೆ ವರದಿಯಾದ ದೈಹಿಕ ಹಲ್ಲೆ ಶೇ. 80ರಷ್ಟು ಕಡಿಮೆ ಇತ್ತು. ಆದರೆ ಕೆಲವೇ ವಾರಗಳ ತಾತ್ಕಾಲಿಕ ಆದೇಶವಷ್ಟೇ ಇದ್ದವರಲ್ಲಿ ಬೆದರಿಕೆ, ಕಿರುಕುಳಗಳು ಕಡಿಮೆಯಾಗುವ ಬದಲು ಹೆಚ್ಚಾಗಿದ್ದವು! ಹಾವನ್ನು ಅರ್ಧ ಹೊಡೆದು ಬಿಟ್ಟಂತೆ ಎನ್ನೋಣವೇ? ಅದೇ ವರ್ಷ ಪ್ರಕಟವಾದ ಇನ್ನೊಂದು ಸಮೀಕ್ಷೆ 32 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಅದರಂತೆ ನೂರರಲ್ಲಿ ಸುಮಾರು 40 ಆದೇಶಗಳ ಉಲ್ಲಂಘನೆಯಾಗಿತ್ತು. ಸುಮಾರು 21ರಲ್ಲಿ ಆದೇಶದ ನಂತರ ಪರಿಸ್ಥಿತಿ ಇನ್ನಷ್ಟು ಹದಗೆಟ್ಟಿತ್ತು.

ಅಂದರೆ ಆ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಹೀಗೆ: ಹೆಚ್ಚಿನವರು ಸುಮ್ಮನಾಗುತ್ತಾರೆ. ಆದರೆ ಐವರಲ್ಲಿ ಒಬ್ಬ ಕೆರಳಬಹುದು. ಆ ಒಬ್ಬನಿಗಾಗಿ ಸಿದ್ಧವಾಗಿರಲೇಬೇಕು.

ಕೆರಳಿದಾಗ ಪೊಲೀಸರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಕೊಲರಾಡೊ ರಾಜ್ಯದ ಕ್ಯಾಸಲ್ ರಾಕ್ ಎಂಬ ಊರಿನಲ್ಲಿ 1999ರ ಜೂನ್‌ನಲ್ಲಿ ಹೀಗಾಯಿತು. ಕೋರ್ಟಿನ ನಿರ್ಬಂಧವನ್ನು ಮುರಿದು ಒಬ್ಬಾತ ತನ್ನ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದ. ತಾಯಿ ಆದೇಶದ ಪ್ರತಿ ಹಿಡಿದು ರಾತ್ರಿಯಿಡೀ ಪೊಲೀಸರನ್ನು ಅಂಗಲಾಚಿದಳು. “ಇನ್ನೊಂದಿಷ್ಟು ಹೊತ್ತು ಕಾದು ನೋಡಿ” ಎಂಬಂಥ ಉತ್ತರಗಳೇ ಬಂದವು. ಬೆಳಗಿನ ಜಾವ ಆತ ಠಾಣೆಯ ಮುಂದೆಯೇ ಗುಂಡು ಹಾರಿಸಿ ಪೊಲೀಸರ ಗುಂಡಿಗೆ ಬಲಿಯಾದ. ಅವನ ವಾಹನದಲ್ಲಿ ಮೂರೂ ಮಕ್ಕಳ ಶವಗಳಿದ್ದವು. ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕೆಂಬ ಸಾಂವಿಧಾನಿಕ ಹಕ್ಕು ಆಕೆಗಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪಿತ್ತಿತು.

ನಮ್ಮ ಕಾಯಿದೆ ಈ ವಿಷಯದಲ್ಲಿ ಕಾಗದದ ಮೇಲಂತೂ ಗಟ್ಟಿಯಾಗಿದೆ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಪರಾಧ ಜಾಮೀನುರಹಿತ, ವಾರಂಟ್ ಇಲ್ಲದೆಯೇ ಬಂಧಿಸಬಹುದು. ನೊಂದ ಮಹಿಳೆಯ ಸಾಕ್ಷ್ಯವೊಂದರ ಮೇಲೆಯೇ ನ್ಯಾಯಾಲಯ ಅಪರಾಧ ನಡೆದಿದೆ ಎಂದು ತೀರ್ಮಾನಿಸಬಹುದು. ತೊಡಕಿರುವುದು ವಿಳಂಬದಲ್ಲಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ಆಗಬೇಕು, 60 ದಿನಗಳಲ್ಲಿ ಅರ್ಜಿ ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ನಮ್ಮ ನ್ಯಾಯಾಲಯಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಸಂರಕ್ಷಣಾಧಿಕಾರಿಯ ಹೊಣೆಯನ್ನು ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಗಿದೆ. ಅಂಗನವಾಡಿಗಳ ಮೇಲ್ವಿಚಾರಣೆಯ ನಡುವೆ ಅವರು ಇದನ್ನೂ ನಿಭಾಯಿಸಬೇಕು. ಆದ್ದರಿಂದ ಅರ್ಜಿಯೊಂದಿಗೇ ಮಧ್ಯಂತರ ಆದೇಶವನ್ನು ಕೇಳಲು ಮರೆಯಬಾರದು. ಅಪಾಯವಿದ್ದಲ್ಲಿ ಎದುರು ಪಕ್ಷದವರನ್ನು ಕೇಳದೆಯೂ ಮ್ಯಾಜಿಸ್ಟ್ರೇಟರು ಅದನ್ನು ಕೊಡಬಲ್ಲರು.

ಸಮನ್ಸ್ ಗಂಡನ ಕೈ ಸೇರಿದ ಮೊದಲ ಕೆಲವು ವಾರಗಳು ನಾಜೂಕಿನವು. ಆ ದಿನಗಳಲ್ಲಿ ಒಬ್ಬಳೇ ಇರಬೇಡಿ. ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ, ಠಾಣೆಗೂ ಕಳಿಸಲಾಗುತ್ತದೆ. ತಲುಪಿದೆಯೇ ಎಂದು ಖುದ್ದಾಗಿ ವಿಚಾರಿಸಿ. ಒಂದು ಪ್ರತಿ ಕೈಚೀಲದಲ್ಲಿ, ಒಂದು ನಂಬಿಗಸ್ತ ನೆರೆಯವರಲ್ಲಿ, ಒಂದು ಮಕ್ಕಳ ಶಾಲೆಯಲ್ಲಿರಲಿ. ಆಸ್ಪತ್ರೆಗೆ ಹೋದರೆ ಗಾಯಗಳ ವಿವರ ಬರೆಸಿಕೊಳ್ಳಿ. ದೂರು ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ವರದಿಯ ಪ್ರತಿಯನ್ನೂ ಉಚಿತವಾಗಿ ಕೊಡಬೇಕು.

ವೈದ್ಯರಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಂಡ ಎಂದಾದರೂ ಕತ್ತು ಹಿಸುಕಿದ್ದರೆ ಅದನ್ನು ಮುಚ್ಚಿಡಬೇಡಿ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಂಥ ಮಹಿಳೆಯರು ಮುಂದೆ ಕೊಲೆಯತ್ನಕ್ಕೆ ಗುರಿಯಾಗುವ ಸಂಭವ ಆರು ಪಟ್ಟಿಗೂ ಹೆಚ್ಚು. ಹೊರಗೆ ಗುರುತೇ ಇಲ್ಲದಿರಬಹುದು. ಧ್ವನಿ ಒಡೆಯುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಚುಕ್ಕೆ, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕೆಲವು ದಿನಗಳ ನಂತರವೂ ಪಾರ್ಶ್ವವಾಯು ಬಡಿಯಬಹುದು.

ಇನ್ನು ಬೀದಿಯಲ್ಲಿ, ಕಾಲೇಜಿನ ದಾರಿಯಲ್ಲಿ ಹಿಂಬಾಲಿಸಿ ಕಾಡುವವನ ವಿಷಯ. ಆತ ಕುಟುಂಬದ ಸಂಬಂಧದವನಲ್ಲವಾದ್ದರಿಂದ ಮೇಲಿನ ಆದೇಶ ಇಲ್ಲಿ ದೊರೆಯದು. 2013ರಿಂದ ಹಿಂಬಾಲಿಸುವುದೇ ಅಪರಾಧವಾಗಿದೆ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆಯುಂಟು. ಆದರೆ ಮೊದಲ ಬಾರಿಗೆ ಜಾಮೀನು ಸಿಗುತ್ತದೆ. ಹುಬ್ಬಳ್ಳಿಯಲ್ಲಿ 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಬ್ಬರು ಯುವತಿಯರ ಕೊಲೆಗಳಾದವು. ಎರಡನೆಯದರಲ್ಲಿ, ಬೆದರಿಕೆಯ ಬಗ್ಗೆ ಮೊದಲೇ ತಿಳಿಸಿದ್ದರೂ ಪೊಲೀಸರು ಲಕ್ಷ್ಯ ಕೊಡಲಿಲ್ಲವೆಂಬ ಆರೋಪದ ಮೇಲೆ ಕೆಲವರು ಅಮಾನತಾದರು. ಆದ್ದರಿಂದ ಬಾಯಿಮಾತಿನ ದೂರಿಗೆ ತೃಪ್ತರಾಗಬೇಡಿ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಆತನಿಗೆ ಒಮ್ಮೆ ಸ್ಪಷ್ಟವಾಗಿ ‘ಬೇಡ’ ಎಂದ ಮೇಲೆ ಮತ್ತೆ ಉತ್ತರಿಸಬೇಡಿ. ಅವನ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಿ, ದಿನ, ಹೊತ್ತು, ಸ್ಥಳಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.