ಪುತ್ತೂರಿನ ದನಿಯಲ್ಲಿ ಮನೆಮಾತಾದ ‘ಪವಮಾನ’

ಸಿನಿಮಾದ ಹಂಗಿಲ್ಲದೆ ಕನ್ನಡಿಗರ ನಾಲಿಗೆ ಮೇಲೆ ನಿಂತ ಹಾಡುಗಳಲ್ಲಿ ‘ಪವಮಾನ’ಕ್ಕೆ ಮೇಲಿನ ಸಾಲಿನಲ್ಲೇ ಜಾಗ. ಪುತ್ತೂರು, ಸುಳ್ಯ, ಕಡಬದ ಭಜನಾ ಮಂಡಳಿಗಳಿಗಂತೂ ಅದು ತೀರಾ ಹತ್ತಿರದ್ದು. ಅದನ್ನು ಮನೆಮನೆಗೆ ಮುಟ್ಟಿಸಿದ ಗಾಯಕ, ಊರನ್ನು ಹೆಸರಿನಲ್ಲೇ ಹೊತ್ತ ಪುತ್ತೂರು ನರಸಿಂಹ ನಾಯಕ್. ಆದರೆ ಹಾಡು ಹುಟ್ಟಿದ್ದು ಇಲ್ಲಲ್ಲ, ಈ ಕಾಲದಲ್ಲೂ ಅಲ್ಲ.

ಬರೆದವರು ವಿಜಯದಾಸರು (1682–1755). ರಾಯಚೂರು ಜಿಲ್ಲೆಯ ಚೀಕಲಪರವಿಯಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದವರು. ಪುರಂದರದಾಸರೇ ಕನಸಿನಲ್ಲಿ ಬಂದು ‘ವಿಜಯವಿಠಲ’ ಅಂಕಿತ ಕೊಟ್ಟರೆಂಬುದು ದಾಸ ಪರಂಪರೆಯ ನಂಬಿಕೆ. ಸುಳಾದಿಗಳಿಗೆ, ಅಂದರೆ ಹಲವು ತಾಳಗಳಲ್ಲಿ ಸಾಗುವ ದೀರ್ಘ ಪದಗಳಿಗೆ, ಹೆಸರಾದ ಈ ದಾಸರು ಮುಖ್ಯಪ್ರಾಣನನ್ನು, ಅಂದರೆ ವಾಯುದೇವರನ್ನು, ಕುರಿತು ಕಟ್ಟಿದ ಪದವಿದು.

ಪದದ ರಚನೆ ಗಮನಿಸಬೇಕು. ಅನುಪಲ್ಲವಿಯಲ್ಲಿ ಒಂಬತ್ತು ಬಗೆಯ ಭಕ್ತಿಯನ್ನು ಕೊಡು ಎಂಬ ಬೇಡಿಕೆ. ಮೊದಲ ಚರಣದಲ್ಲಿ ಹೊನ್ನಿನ ಕಚ್ಚೆಯುಟ್ಟ ರಾಮದೂತ. ಎರಡನೆಯದರಲ್ಲಿ ಅರ್ಜುನನ ಧ್ವಜವೇರಿದವನು. ಮೂರನೆಯದರಲ್ಲಿ ಪ್ರಾಣ, ಅಪಾನ ಮೊದಲಾದ ಐದು ರೂಪಗಳಲ್ಲಿ ನಮ್ಮ ಒಡಲೊಳಗೆ ಉಸಿರಾಗಿರುವವನು. ಹೊರಗೆ ಕಾಣುವ ಮೂರ್ತಿಯಿಂದ ಶುರುವಾಗಿ ಹಾಡುವವನ ಉಸಿರಿಗೇ ಬಂದು ಮುಟ್ಟುವ ದಾರಿ ಅದು. ಪ್ರಾಸದ ಬಿಗಿಯೂ ಹಾಗೇ: ಮೊದಲ ಚರಣದ ಆರಂಭದ ತುಂಡುಗಳು ‘ತ’ಕಾರಕ್ಕೆ, ಎರಡನೆಯದರವು ‘ರ’ಕಾರಕ್ಕೆ, ಮೂರನೆಯದರವು ‘ನ’, ‘ಣ’ಕಾರಗಳಿಗೆ ಬಂದು ನಿಲ್ಲುತ್ತವೆ. ಅರ್ಥ ತಿಳಿಯದ ಮಗುವಿನ ಬಾಯಲ್ಲೂ ಪದ ನಿಲ್ಲುವುದು ಇದರಿಂದಲೇ.

ದಾಸರ ಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. ಅವುಗಳ ಒಂದು ಸಂಗ್ರಹವನ್ನು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅಚ್ಚು ಸಾಹಿತ್ಯವನ್ನು ಉಳಿಸಿತು, ಧಾಟಿಯನ್ನಲ್ಲ. ಆಮೇಲೆ ಬಂದ ಗ್ರಾಮಫೋನ್ ತಟ್ಟೆ ಧಾಟಿಯನ್ನು ಹಿಡಿಯಿತಾದರೂ ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಬಿಡುವಾಗಿ ಎಲ್ಲ ಚರಣ ಹಾಡಲು ಜಾಗ ಮಾಡಿಕೊಟ್ಟದ್ದು ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಪುಟ್ಟ ಡಬ್ಬಿ 1980ರ ದಶಕದಲ್ಲಿ ನಮ್ಮ ಪೇಟೆಗಳನ್ನು ತುಂಬಿತು. ಬದಿಗೆ ಅರ್ಧ ಗಂಟೆ, ಕೈಗೆಟುಕುವ ಬೆಲೆ. ಕುಕ್ಕೆ ಸುಬ್ರಹ್ಮಣ್ಯ ಮಠದ ಪೀಠದಲ್ಲಿದ್ದ ವಿದ್ಯಾಭೂಷಣರು ದಾಸರ ಪದಗಳನ್ನು ನಾಡಿಗೆಲ್ಲ ಕೇಳಿಸಿದ್ದೂ ಕ್ಯಾಸೆಟ್ಟಿನ ಮೂಲಕವೇ. 1997ರಲ್ಲಿ ಪೀಠ ಬಿಟ್ಟು ಗೃಹಸ್ಥರಾದ ಮೇಲೂ ಅವರು ಹಾಡುವುದನ್ನು ಬಿಡಲಿಲ್ಲ. ಒಂದು ಕಡೆ ಕುಕ್ಕೆ, ಇನ್ನೊಂದು ಕಡೆ ಪುತ್ತೂರು. ದಾಸ ಸಾಹಿತ್ಯಕ್ಕೆ ಇಷ್ಟು ದೊಡ್ಡ ಎರಡು ದನಿಗಳನ್ನು ಕೊಟ್ಟದ್ದು ಈ ಸೀಮೆಯ ಹೆಮ್ಮೆ.

ಹಾಡೊಂದು ಎಷ್ಟು ಗೆದ್ದಿತೆಂದು ಅಳೆಯುವುದು ಹೇಗೆ? ಬ್ರಿಟನ್ನಿನಲ್ಲಿ ಅದಕ್ಕೆ ಲೆಕ್ಕವಿದೆ. 1952ರ ನವೆಂಬರಿನಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ತಟ್ಟೆಗಳ ಮಾರಾಟ ನೋಡಿ ಪಟ್ಟಿ ಹಾಕತೊಡಗಿತು. ವಾರವಾರವೂ ಅಲ್ಲಿ ಏರಿಳಿತ. ನಮ್ಮಲ್ಲಿ ‘ಪವಮಾನ’ದ ಗೆಲುವನ್ನು ಅಳೆಯಬೇಕಾದದ್ದು ಬೇರೆ ಕಡೆ. ಕೇಳಿದವರು ಅದನ್ನು ತಾವೇ ಹಾಡಿದರು. ಮಂದಿರದ ವಾರದ ಭಜನೆಯಲ್ಲಿ, ಬೀದಿಬೀದಿ ಸುತ್ತುವ ನಗರ ಭಜನೆಯಲ್ಲಿ ಧ್ವನಿಮುದ್ರಣದ ಪದ ಮತ್ತೆ ಜನರ ಕಂಠಕ್ಕೆ ಮರಳಿತು. ಕ್ಯಾಸೆಟ್ ಅಂಗಡಿಗಳು ಮುಚ್ಚಿದರೂ ಹಾಡು ನಿಂತಿಲ್ಲ.

ಅದಕ್ಕೇ ಮಂಡಳಿಗಳಲ್ಲಿ ಒಂದು ಪ್ರೀತಿಯ ಮನವಿ. ಹೊತ್ತಾಯಿತೆಂದು ಚರಣ ಬಿಡಬೇಡಿ. ಉಸಿರಿನ ಮಾತಿರುವುದೂ ವಿಜಯವಿಠಲನ ಅಂಕಿತವಿರುವುದೂ ಕೊನೆಯ ಚರಣದಲ್ಲಿ. ಮಕ್ಕಳಿಗೆ ತಾಳದ ಜತೆ ಅರ್ಥವನ್ನೂ, ಬರೆದ ದಾಸರ ಹೆಸರನ್ನೂ ಹೇಳಿಕೊಡಿ.